ಅಪ್ಪ ಅಮ್ಮನ ಜೊತೆ ಕೆರಿಬಿಯನ್ ಕ್ರೂಸ್: ಕಾಗದಪತ್ರದಿಂದ ಕೊನೆಯ ರಾತ್ರಿಯ ಸೂಟ್‌ಕೇಸ್‌ವರೆಗೆ

ಮೊದಲ ಸಲ ಅಪ್ಪ ಅಮ್ಮನನ್ನು ಕ್ರೂಸಿಗೆ ಕರೆದುಕೊಂಡು ಹೋದಾಗ ಅಮ್ಮನ ಬಿಪಿ ಮಾತ್ರೆಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟಿದ್ದೆ. ಮಯಾಮಿ ಬಂದರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಸೂಟ್‌ಕೇಸುಗಳನ್ನು ಪೋರ್ಟರ್ ಕೈಗೆ ಕೊಟ್ಟು ಹಡಗು ಹತ್ತಿದೆವು. ಅವು ನಮ್ಮ ಕ್ಯಾಬಿನ್ ಬಾಗಿಲಿಗೆ ಬಂದದ್ದು ರಾತ್ರಿ ಎಂಟೂವರೆಗೆ. ಅಮ್ಮ ಮಾತ್ರೆ ತೆಗೆದುಕೊಳ್ಳುವುದು ಸಂಜೆ ಆರಕ್ಕೆ. ಆ ಎರಡೂವರೆ ಗಂಟೆ ನಾನು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಓಡಾಡಿದ್ದೇ ಆಯ್ತು. ಅಮ್ಮನಿಗೆ ಏನೂ ಆಗಲಿಲ್ಲ. ತಪ್ಪು ನನ್ನದೇ. ಹತ್ತುವ ದಿನ ಸಾಮಾನು ಬರುವುದು ಸಂಜೆಗೆ, ಕೆಲವೊಮ್ಮೆ ರಾತ್ರಿ ಊಟ ಆದಮೇಲೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಆಮೇಲಿನ ಪ್ರವಾಸಗಳಲ್ಲಿ ನಾನು ತಯಾರಿಯ ಕ್ರಮವನ್ನೇ ಬದಲಾಯಿಸಿದೆ. ಮೊದಲು ಕಾಗದ, ಆಮೇಲೆ ಮಾತ್ರೆ, ಆಮೇಲೆ ಊಟ, ಕೊನೆಗೆ ಬಟ್ಟೆ. ಎಲ್ಲರೂ ಬಟ್ಟೆಯಿಂದ ಶುರು ಮಾಡುತ್ತಾರೆ. ಬಟ್ಟೆ ಮರೆತರೆ ಹಡಗಿನ ಅಂಗಡಿಯಲ್ಲಿ ಒಂದು ಟೀ ಶರ್ಟ್ ಸಿಗುತ್ತದೆ. ಪಾಸ್‌ಪೋರ್ಟ್ ಮರೆತರೆ ಹಡಗೇ ಸಿಗುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡದವರು, ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಫ್ಲಾರಿಡಾದಿಂದ ಒಂದು ವಾರದ ಕ್ರೂಸಿಗೆ ಹೊರಟಿದ್ದಾರೆ ಅಂತಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಯಾವಾಗ ಹೋಗಬೇಕು, ಯಾವ ಕ್ಯಾಬಿನ್ ಹಿಡಿಯಬೇಕು

ಅಟ್ಲಾಂಟಿಕ್ ಕಡೆಯ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಜೋರು. ಆಗ ಟಿಕೆಟ್ ಅಗ್ಗ. ಹಡಗು ಬಿರುಗಾಳಿಯೊಳಗೆ ನುಗ್ಗುವುದಿಲ್ಲ, ದಾರಿ ಬದಲಿಸುತ್ತದೆ. ಆದರೆ ನೀವು ನೋಡಬೇಕೆಂದುಕೊಂಡ ದ್ವೀಪ ತಪ್ಪಿಹೋಗಬಹುದು. ಊರಿಂದ ಬರುವವರು ಸಾಮಾನ್ಯವಾಗಿ ಬೇಸಿಗೆಗೇ ಬರುವುದರಿಂದ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳು ನನ್ನ ಆಯ್ಕೆ.

ಕ್ಯಾಬಿನ್ ಕೆಳಗಿನ ಡೆಕ್‌ನಲ್ಲಿ, ಅಂದರೆ ಕೆಳಗಿನ ಮಹಡಿಯಲ್ಲಿ, ಹಡಗಿನ ಮಧ್ಯಭಾಗದಲ್ಲಿ ಇರಲಿ. ಮಕ್ಕಳು ಆಡುವ ಸೀ-ಸಾ ಹಲಗೆಯ ನಡುಭಾಗ ಕಡಿಮೆ ಅಲ್ಲಾಡುತ್ತದಲ್ಲ, ಹಾಗೆ. ತುದಿಗಳಲ್ಲೂ ಮೇಲಿನ ಡೆಕ್‌ಗಳಲ್ಲೂ ಓಲಾಟ ಜಾಸ್ತಿ. ನಿಮ್ಮ ಕ್ಯಾಬಿನ್, ಅಪ್ಪ ಅಮ್ಮನ ಕ್ಯಾಬಿನ್ ಅಕ್ಕಪಕ್ಕ ಇರಲಿ. ಲಿಫ್ಟ್ ಹತ್ತಿರ ಸಿಕ್ಕರೆ ಇನ್ನೂ ಒಳ್ಳೆಯದು. ಈ ಹಡಗುಗಳು ಎಷ್ಟು ಉದ್ದ ಅಂತ ಹತ್ತುವವರೆಗೆ ಅಂದಾಜಾಗುವುದಿಲ್ಲ. 2024ರ ಜನವರಿಯಲ್ಲಿ ಮಯಾಮಿಯಿಂದ ಓಡಾಟ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಸುಮಾರು 365 ಮೀಟರ್ ಉದ್ದ, 20 ಡೆಕ್. ಮಂಡಿನೋವಿರುವವರಿಗೆ ಊಟಕ್ಕೆ ಹೋಗಿ ಬರುವುದೇ ಒಂದು ವಾಕಿಂಗ್.

ಕಿಟಕಿಯಿಲ್ಲದ ಒಳಕ್ಯಾಬಿನ್ ಅಗ್ಗ ನಿಜ. ಆದರೆ ದೀಪ ಆರಿಸಿದರೆ ಕಗ್ಗತ್ತಲೆ. ಬಚ್ಚಲುಮನೆಯ ಹೊಸ್ತಿಲು ಬೇರೆ ಎತ್ತರ ಇರುತ್ತದೆ. ರಾತ್ರಿ ಎದ್ದು ಹೋಗುವ ವಯಸ್ಸಾದವರು ಎಡವುವುದು ಅಲ್ಲೇ. ಬ್ಯಾಟರಿಯಲ್ಲಿ ಉರಿಯುವ ಒಂದು ಸಣ್ಣ ರಾತ್ರಿದೀಪ ತೆಗೆದುಕೊಂಡು ಹೋಗಿ, ಬಚ್ಚಲ ಬಾಗಿಲ ಪಕ್ಕ ಇಡಿ.

ಕಾಗದಪತ್ರ: ಎರಡು ತಿಂಗಳು ಮೊದಲೇ

ಫ್ಲಾರಿಡಾದಿಂದ ಹೊರಟು ಫ್ಲಾರಿಡಾಕ್ಕೇ ಮರಳುವ ಕ್ರೂಸಿಗೆ ಅಮೆರಿಕದ ನಾಗರಿಕರು ಜನನ ಪತ್ರ ಮತ್ತು ಸರ್ಕಾರಿ ಗುರುತಿನ ಚೀಟಿ ತೋರಿಸಿ ಹತ್ತಬಹುದು. ಸಹೋದ್ಯೋಗಿಗಳು "ಪಾಸ್‌ಪೋರ್ಟ್ ಏನೂ ಬೇಡ" ಅನ್ನುವುದು ಇದೇ ಕಾರಣಕ್ಕೆ. ಆ ಮಾತು ನಮಗೆ ಅನ್ವಯಿಸುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಸಲಿ ಪಾಸ್‌ಪೋರ್ಟೇ ಬೇಕು. ಅಮೆರಿಕಕ್ಕೆ ವಾಪಸ್ ಬರಲು ಚಾಲ್ತಿಯಲ್ಲಿರುವ, ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದಾದ ವೀಸಾ ಬೇಕು. ಹಡಗು ಹೊರಟ ಕೂಡಲೇ ನೀವು ದೇಶ ಬಿಟ್ಟ ಹಾಗೆ ಲೆಕ್ಕ. ಅಪ್ಪ ಅಮ್ಮನ ಬಿ-1/ಬಿ-2 ಸಂದರ್ಶಕ ವೀಸಾದ ಮೇಲೆ 'ಎಂಟ್ರೀಸ್' ಅನ್ನುವ ಜಾಗದಲ್ಲಿ 'ಎಂ' ಅಂತ ಇದೆಯಾ ನೋಡಿ. ಇದ್ದರೆ ಸರಿ.

ಹಳೆಯ ಪಾಸ್‌ಪೋರ್ಟಿನಲ್ಲಿ ವೀಸಾ, ಹೊಸದು ಖಾಲಿ ಅಂತಿದ್ದರೆ ಎರಡನ್ನೂ ತೆಗೆದುಕೊಂಡು ಹೋಗಬೇಕು. ಹಸಿರು ಕಾರ್ಡ್ ಇರುವವರು ಕಾರ್ಡನ್ನು ಪರ್ಸಿನಲ್ಲಿ ಅಲ್ಲ, ಪಾಸ್‌ಪೋರ್ಟ್ ಜೊತೆಗೇ ಇಡಿ.

ಇನ್ನು ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರ ವಿಷಯ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದೆ, ಕೈಯಲ್ಲಿ ಇಲ್ಲಿ ಇರಲು ಒಪ್ಪಿಗೆ ಕೊಟ್ಟ ಐ-797 ಕಾಗದ ಮಾತ್ರ ಇದೆ ಅಂತಾದರೆ ಇಲ್ಲಿ ನಿಂತು ಯೋಚಿಸಿ. ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿಬರುವವರು ಕೆಲವು ಷರತ್ತಿನ ಮೇಲೆ ಅವಧಿ ಮುಗಿದ ವೀಸಾದಲ್ಲೇ ಮರಳಬಹುದು. ಬಹಾಮಾಸ್, ಜಮೈಕಾದಂಥ ಅಕ್ಕಪಕ್ಕದ ದ್ವೀಪಗಳಿಗೆ ಆ ಅನುಕೂಲ ಇರುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳು, ಸಂಶೋಧಕರಂಥವರಿಗೆ ಮಾತ್ರ. ಕೆರಿಬಿಯನ್ ಕ್ರೂಸ್ ಅಂದರೆ ಒಂದಾದರೂ ದ್ವೀಪ ಇದ್ದೇ ಇರುತ್ತದೆ. ಹಾಗಾಗಿ ಮುದ್ರೆ ಇಲ್ಲದೆ ಹೊರಡಬೇಡಿ. ದುಡ್ಡು ಕಟ್ಟುವ ಮೊದಲೇ ವಕೀಲರನ್ನು ಒಂದು ಮಾತು ಕೇಳಿ.

ಬಂದರುಗಳ ವೀಸಾ ಬೇರೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಪ್ರತ್ಯೇಕ ವೀಸಾ ಬೇಡ. ಉಳಿದ ದ್ವೀಪಗಳ ನಿಯಮ ಬದಲಾಗುತ್ತಲೇ ಇರುತ್ತದೆ. ನಿಮ್ಮ ಹಡಗು ನಿಲ್ಲುವ ಪ್ರತಿಯೊಂದು ಬಂದರಿನ ಹೆಸರು ಬರೆದುಕೊಂಡು, ಭಾರತದ ಪಾಸ್‌ಪೋರ್ಟಿಗೆ ಏನು ಬೇಕು ಅಂತ ಕ್ರೂಸ್ ಕಂಪನಿಯನ್ನು ಕೇಳಿ. ಉತ್ತರ ಈಮೇಲಿನಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಆಮೇಲೆ ವಿಮೆ. ಊರಿಂದ ಬಂದವರಿಗೆ ನೀವು ಮಾಡಿಸಿದ ವಿಸಿಟರ್ ವಿಮೆ ಅಮೆರಿಕದ ನೆಲಕ್ಕೆ ಮಾತ್ರ ಸೀಮಿತವಾಗಿರಬಹುದು. ಸಮುದ್ರದಲ್ಲಿ ಚಿಕಿತ್ಸೆ, ಅಲ್ಲಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಎರಡೂ ಸೇರಿದೆಯಾ ಅಂತ ಓದಿ ನೋಡಿ. ಹಡಗಿನ ಡಾಕ್ಟರು ಬಿಲ್ಲನ್ನು ನೇರ ನಿಮ್ಮ ಕ್ಯಾಬಿನ್ ಖಾತೆಗೆ ಹಾಕುತ್ತಾರೆ. ವಿಮೆಯವರಿಂದ ವಾಪಸ್ ಪಡೆಯುವ ಕೆಲಸ ನಿಮ್ಮದು.

ಮಾತ್ರೆ ಮತ್ತು ಹತ್ತುವ ದಿನದ ಕೈಚೀಲ

ಏಳು ದಿನದ ಪ್ರವಾಸಕ್ಕೆ ಹನ್ನೆರಡು ದಿನದ ಮಾತ್ರೆ. ಔಷಧಿ ಅಂಗಡಿಯವರು ಕೊಟ್ಟ ಮೂಲ ಪೊಟ್ಟಣದಲ್ಲೇ ಇರಲಿ, ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ. ದಿನದಿನದ ಡಬ್ಬಿಗೆ ತುಂಬುವುದನ್ನು ಕ್ಯಾಬಿನ್ನಿಗೆ ಹೋದಮೇಲೆ ಮಾಡಿ. ಇನ್ಸುಲಿನ್ ಇದ್ದರೆ ಮೊದಲೇ ತಿಳಿಸಿ. ಕ್ಯಾಬಿನ್ನಿನ ಪುಟ್ಟ ಫ್ರಿಜ್ ಎಷ್ಟೋ ಹಡಗಿನಲ್ಲಿ ಸುಮ್ನೆ ತಂಪು ಮಾಡುತ್ತದೆ ಅಷ್ಟೇ. ಕೇಳಿದರೆ ಔಷಧಿಗೆಂದೇ ಬೇರೆ ಫ್ರಿಜ್ ಕೊಡುತ್ತಾರೆ, ಬಳಸಿದ ಸೂಜಿ ಹಾಕಲು ಡಬ್ಬಿಯನ್ನೂ ಕೊಡುತ್ತಾರೆ. ನಿದ್ದೆಯಲ್ಲಿ ಉಸಿರಾಟದ ಸಿಪ್ಯಾಪ್ ಯಂತ್ರ ಬಳಸುವವರು ಎಕ್ಸ್‌ಟೆನ್ಶನ್ ವೈರು ಬೇಕೆಂದು ಮುಂಚಿತವಾಗಿ ಬರೆಯಬೇಕು.

ಸಮುದ್ರದ ತಲೆಸುತ್ತಿಗೆ ಮೆಕ್ಲಿಜಿನ್ ಮಾತ್ರೆ ಅಮೆರಿಕದಲ್ಲಿ ಚೀಟಿ ಇಲ್ಲದೇ ಸಿಗುತ್ತದೆ. ತಲೆಸುತ್ತು ಶುರುವಾದ ಮೇಲಲ್ಲ, ಮೊದಲೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿದ್ದೆ ಬರಿಸುತ್ತದೆ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು, ಪ್ರಾಸ್ಟೇಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅಮ್ಮ ಒಣಶುಂಠಿ ಚೂರು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಹಡಗಿನವರು ಹಸಿರು ಸೇಬು, ಉಪ್ಪು ಬಿಸ್ಕತ್ತು ಕೊಡುತ್ತಾರೆ. ಡೆಕ್ಕಿಗೆ ಬಂದು ದೂರದ ಅಂಚನ್ನು ನೋಡುತ್ತಾ ಕೂತರೆ ಎಷ್ಟೋ ಕಡಿಮೆಯಾಗುತ್ತದೆ.

ಈಗ ಕೈಚೀಲ. ಪ್ರತಿಯೊಬ್ಬರಿಗೂ ಬೆನ್ನಿಗೆ ಹಾಕುವ ಒಂದೊಂದು ಚೀಲ. ಅದರಲ್ಲಿ ಪಾಸ್‌ಪೋರ್ಟ್, ಹತ್ತುವ ಪಾಸು, ಅಷ್ಟೂ ಮಾತ್ರೆ, ಕನ್ನಡಕ, ಫೋನಿನ ಚಾರ್ಜರ್, ಒಂದು ಜೊತೆ ಬದಲಿ ಬಟ್ಟೆ, ಈಜುಬಟ್ಟೆ, ಒಂದು ಶಾಲು, ಒಂದು ಪೊಟ್ಟಣ ಬಿಸ್ಕತ್ತು. ದೊಡ್ಡ ಸೂಟ್‌ಕೇಸ್ ಮಧ್ಯರಾತ್ರಿವರೆಗೆ ಬರಲಿಲ್ಲ ಅಂದರೂ ಸಂಸಾರ ನಡೆಯಬೇಕು, ಅಷ್ಟು ಇರಲಿ. ಮಕ್ಕಳಿಗೆ ಹತ್ತಿದ ಕೂಡಲೇ ಕೊಳಕ್ಕೆ ಇಳಿಯಬೇಕು ಅನಿಸುತ್ತದೆ, ಈಜುಬಟ್ಟೆ ಸೂಟ್‌ಕೇಸಿನಲ್ಲಿದ್ದರೆ ಅಳು ಶುರು. ಅಂದಹಾಗೆ, ಡಯಾಪರ್ ಬಿಡದ ಮಕ್ಕಳನ್ನು ದೊಡ್ಡ ಕೊಳಕ್ಕೆ ಬಿಡುವುದಿಲ್ಲ, ಈಜು ಡಯಾಪರ್ ಹಾಕಿದ್ದರೂ ಅಷ್ಟೇ.

ಏನನ್ನು ಒಯ್ಯಬಾರದು

ನಮ್ಮವರಿಗೆ ಬೇಸರವಾಗುವ ಪಟ್ಟಿ ಇದು. ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದೂ ಇಲ್ಲ. ವಿದ್ಯುತ್ ಏಕಾಏಕಿ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರುವ ಪ್ಲಗ್ ಪಟ್ಟಿ ಇಲ್ಲ. ಕೆಲವು ಕಂಪನಿಗಳು ಈಗ ಸಾದಾ ಪ್ಲಗ್ ಪಟ್ಟಿಯನ್ನೂ ತೆಗೆದಿಟ್ಟುಕೊಳ್ಳುತ್ತವೆ. ನಾಲ್ಕು ಯುಎಸ್‌ಬಿ ಕಿಂಡಿಯ ಚಾರ್ಜರ್ ಸಾಕು. ಸಾಮಾನನ್ನು ಎಕ್ಸ್-ರೇ ಮಾಡುತ್ತಾರೆ, ಇವು ಸಿಕ್ಕರೆ ಸೂಟ್‌ಕೇಸನ್ನೇ ಹಿಡಿದಿಡುತ್ತಾರೆ.

ಊದುಬತ್ತಿ, ಕರ್ಪೂರ, ಎಣ್ಣೆದೀಪ ಕೂಡ ಹಚ್ಚುವಂತಿಲ್ಲ. ಹಡಗಿನಲ್ಲಿ ಬೆಂಕಿ ಅಂದರೆ ಓಡಿಹೋಗಲು ಜಾಗವಿಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಅಮ್ಮನಿಗೆ ಇದನ್ನು ಊರಿಂದ ಹೊರಡುವ ಮೊದಲೇ ಹೇಳಿದೆ. ಪುಟ್ಟ ದೇವರ ಫೋಟೋ, ಕುಂಕುಮದ ಭರಣಿ, ಬ್ಯಾಟರಿ ದೀಪ ತಂದುಕೊಂಡರು. ಕ್ಯಾಬಿನ್ನಿನ ಗೋಡೆ ಲೋಹದ್ದು, ಅಯಸ್ಕಾಂತದ ಕೊಕ್ಕೆಗಳು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಅದಕ್ಕೆ ಫೋಟೋ ತೂಗುಹಾಕಿ ಬೆಳಿಗ್ಗೆ ಕೈಮುಗಿಯುತ್ತಿದ್ದರು. ಅಂಥ ಆರು ಕೊಕ್ಕೆ ತೆಗೆದುಕೊಂಡು ಹೋಗಿ. ಒದ್ದೆ ಬಟ್ಟೆ, ಟೋಪಿ, ಚೀಲ ಎಲ್ಲಕ್ಕೂ ಆಗುತ್ತದೆ.

ಮಿಲಿಟರಿಯವರ ಮಚ್ಚೆಮಚ್ಚೆ ವಿನ್ಯಾಸದ (ಕ್ಯಾಮೊಫ್ಲಾಜ್) ಬಟ್ಟೆ ಬೇಡ. ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾ ಮುಂತಾದ ಕಡೆ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ಮಕ್ಕಳ ಚಡ್ಡಿಯೂ ಸೇರಿ.

ಊಟ

ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆಸಿ. ಮೊಟ್ಟೆ ತಿನ್ನದಿದ್ದರೆ ಅದನ್ನೂ ಬಿಡಿಸಿ ಹೇಳಿ, ಅಮೆರಿಕದಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿದ ಲೆಕ್ಕ. ಸೂಪು, ಅನ್ನಕ್ಕೆ ಕೋಳಿಯ ಸಾರು ಹಾಕಿದ್ದಾರಾ ಕೇಳಿ. ಮೆಕ್ಸಿಕೋದ ಬಂದರಿನಲ್ಲಿ ತಿನ್ನುವಾಗ ಅರೆದ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕಿರುವುದು ಮಾಮೂಲು, ಅದನ್ನೂ ಕೇಳಿ.

ಮೊದಲ ರಾತ್ರಿ ದೊಡ್ಡ ಊಟದ ಹಾಲ್‌ನಲ್ಲಿ ಹೆಡ್ ವೇಟರ್‌ನನ್ನು ಮಾತಾಡಿಸಿ, ನಾಳೆಯಿಂದ ಭಾರತೀಯ ಸಸ್ಯಾಹಾರ ಬೇಕು ಅಂತ ಹೇಳಿ. ಹಿಂದಿನ ದಿನ ಹೇಳಿದರೆ ಮಾರನೆಯ ದಿನಕ್ಕೆ ದಾಲ್, ಪಲ್ಯ, ಅನ್ನ ಮಾಡಿಕೊಡುವ ಹಡಗುಗಳು ಬಹಳ. ಈ ಹಡಗುಗಳಲ್ಲಿ ಗೋವಾ, ಮಂಗಳೂರು ಕಡೆಯವರು ಎಷ್ಟೋ ಜನ ಕೆಲಸ ಮಾಡುತ್ತಾರೆ. ನಮ್ಮ ಮೇಜಿಗೆ ಬರುತ್ತಿದ್ದ ಹುಡುಗ ಅಮ್ಮನ ಸೀರೆ ನೋಡಿ "ಕರ್ನಾಟಕನಾ ಅಮ್ಮಾ?" ಅಂತ ಕನ್ನಡದಲ್ಲೇ ಕೇಳಿದ. ಆಮೇಲಿನ ಐದು ದಿನ ಅಮ್ಮನ ಮೊಸರನ್ನಕ್ಕೆ ಸಕ್ಕರೆ ಹಾಕದ ಮೊಸರು ತಪ್ಪಲಿಲ್ಲ.

ಮನೆಯಲ್ಲಿ ಮಾಡಿದ ತಿಂಡಿಯನ್ನು ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಪೊಟ್ಟಣಗಳು ನಡೆಯುತ್ತವೆ. ಚಟ್ನಿಪುಡಿ ಮಾತ್ರ ಮರೆಯಬೇಡಿ. ನಾಲ್ಕನೆಯ ದಿನಕ್ಕೆ ನಾಲಿಗೆ ಖಾರ ಕೇಳುತ್ತದೆ. ಹಡಗಿನ ಹಣ್ಣನ್ನು ಬಂದರಿಗೆ ಒಯ್ಯಬೇಡಿ, ಅಮೆರಿಕಕ್ಕೆ ಮರಳುವಾಗಲಂತೂ ಒಂದು ಬಾಳೆಹಣ್ಣೂ ಚೀಲದಲ್ಲಿ ಇರಬಾರದು.

ಬಫೆಗೆ ಹೋಗುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಬಟ್ಟೆ, ಚಪ್ಪಲಿ, ಬಿಸಿಲು

ಹೊರಗೆ ಸೆಕೆ, ಒಳಗೆ ಎಸಿ ಚಳಿ. ನಾಟಕ ನೋಡುವ ಹಾಲ್‌ನಲ್ಲಿ ಸ್ವೆಟರ್ ಇಲ್ಲದೆ ಕೂರಲಾಗುವುದಿಲ್ಲ. ಹಿರಿಯರಿಗೆ ತಲಾ ಒಂದು ಸ್ವೆಟರ್, ಒಂದು ಶಾಲು.

ಏಳು ರಾತ್ರಿಗೆ ನಾನು ಒಯ್ಯುವುದು ಇಷ್ಟು: ಹಗಲಿಗೆ ಐದು ಜೊತೆ ತೆಳು ಬಟ್ಟೆ, ಸಂಜೆಗೆ ಮೂರು, ಎರಡು ಈಜುಬಟ್ಟೆ. ಒಂದು ಒಣಗುವಾಗ ಇನ್ನೊಂದು. ಸ್ನಾನದ ಜಾಗದಲ್ಲಿ ಎಳೆದು ಕಟ್ಟುವ ಹಗ್ಗ ಬಹಳ ಹಡಗಿನಲ್ಲಿ ಇರುತ್ತದೆ, ಸಣ್ಣಪುಟ್ಟದನ್ನು ಒಗೆದು ಹಾಕಬಹುದು. ವಾರದಲ್ಲಿ ಒಂದೆರಡು ರಾತ್ರಿ ಚೆನ್ನಾಗಿ ಉಟ್ಟು ಬರುವ ಊಟ ಇರುತ್ತದೆ. ಅದಕ್ಕೆ ಅಮ್ಮನಿಗೆ ಒಂದು ರೇಷ್ಮೆ ಸೀರೆ, ಅಪ್ಪನಿಗೆ ಜುಬ್ಬಾ. ಸೂಟು ಹೊಲಿಸುವ ಅಗತ್ಯವೇ ಇಲ್ಲ. ಡೆಕ್ಕಿನ ಮೇಲೆ ಗಾಳಿ ಜೋರು, ನೆರಿಗೆಗೆ, ಸೆರಗಿಗೆ ಹತ್ತು ಪಿನ್ನು ಹೆಚ್ಚಾಗಿಯೇ ಇರಲಿ. ಸೀರೆಯಲ್ಲಿ ಕೊಳಕ್ಕೆ ಇಳಿಯುವ ಹಾಗಿಲ್ಲ. ಉದ್ದ ತೋಳಿನ, ಮೊಣಕಾಲು ಮುಚ್ಚುವ ಈಜುಬಟ್ಟೆ ಸಿಗುತ್ತದೆ, ಅಮ್ಮಂದಿರಿಗೆ ಅದು ಹಿತ.

ಹವಾಯಿ ಚಪ್ಪಲಿ ಒದ್ದೆ ಡೆಕ್ಕಿನಲ್ಲಿ ಜಾರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಕೊಡಿಸಿ.

"ನಾವು ನೋಡದ ಬಿಸಿಲಾ" ಅಂತ ಅಪ್ಪ ಅಂದಿದ್ದರು. ಸಮುದ್ರದಲ್ಲಿ ತಂಪು ಗಾಳಿ ಬೀಸುತ್ತಿರುತ್ತದೆ, ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ಸಂಜೆ ಹೊತ್ತಿಗೆ ಕತ್ತಿನ ಹಿಂಭಾಗ ಕೆಂಪಾಗಿತ್ತು. ಗದ್ದಕ್ಕೆ ದಾರ ಕಟ್ಟುವ ಟೋಪಿ, ಸತುವಿನ ಆಕ್ಸೈಡ್ ಇರುವ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಇರಲಿ. ಸೇಂಟ್ ಥಾಮಸ್ ಇರುವ ಅಮೆರಿಕದ ವರ್ಜಿನ್ ದ್ವೀಪಗಳು ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನನ್ನು 2020ರಿಂದ ನಿಷೇಧಿಸಿವೆ. ಟ್ಯೂಬಿನ ಹಿಂಭಾಗ ಓದಿ ತೆಗೆದುಕೊಳ್ಳಿ.

ಇನ್ನೊಂದು, ಯಾರೂ ಬರೆಯದ ವಸ್ತು. ಹಡಗಿನ ಶೌಚಾಲಯದಲ್ಲಿ ನೀರಿನ ಪೈಪು ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಅಥವಾ ಮೂತಿ ಇರುವ ಬಾಟಲಿ ಸೂಟ್‌ಕೇಸಿಗೆ ಹಾಕಿ. ಹಿರಿಯರು ಬಾಯಿ ಬಿಟ್ಟು ಕೇಳುವುದಿಲ್ಲ, ನಾವೇ ಇಟ್ಟುಕೊಳ್ಳಬೇಕು.

ದುಡ್ಡು ಮತ್ತು ಫೋನು

ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಎಲ್ಲ ಕ್ಯಾಬಿನ್ ಕಾರ್ಡಿನ ಮೇಲೆ. ದಿನಕ್ಕೆ ತಲಾ ಸುಮಾರು 16ರಿಂದ 20 ಡಾಲರ್ ಟಿಪ್ಸ್ ತಾನಾಗಿ ಸೇರುತ್ತದೆ, ಬಜೆಟ್ಟಿನಲ್ಲಿ ಮೊದಲೇ ಹಿಡಿಯಿರಿ. ಪೋರ್ಟರ್‌ಗೆ, ಬಂದರಿನ ಟ್ಯಾಕ್ಸಿಗೆ ಒಂದು, ಐದು ಡಾಲರ್ ನೋಟುಗಳು ಸಾಕು. ಬಹಾಮಾಸ್‌ನ ಡಾಲರಿಗೂ ಅಮೆರಿಕದ ಡಾಲರಿಗೂ ಬೆಲೆ ಒಂದೇ, ಬದಲಾಯಿಸುವ ತಲೆನೋವಿಲ್ಲ.

ಕ್ರೂಸ್ ಕಂಪನಿಯ ಆಪ್ ಮನೆಯಲ್ಲೇ ಹಾಕಿಕೊಂಡು ಚೆಕ್-ಇನ್ ಮುಗಿಸಿ. ಹಡಗು ಹೊರಟ ಕೂಡಲೇ ಎಲ್ಲರ ಫೋನೂ ಏರೋಪ್ಲೇನ್ ಮೋಡಿಗೆ. ಸಮುದ್ರದ ಮೇಲಿನ ಮೊಬೈಲ್ ಸಂಪರ್ಕ ತುಂಬಾ ದುಬಾರಿ. ಅಪ್ಪನ ಫೋನನ್ನು ನೀವೇ ನೋಡಿ ಹಾಕಿ.

ಹಡಗಿಗೆ ಹೊರಡುವ ದಿನ, ಬಂದರುಗಳ ದಿನ

ವಿಮಾನದಲ್ಲಿ ಬರುವವರು ಹಿಂದಿನ ದಿನವೇ ಬಂದು ಉಳಿಯಿರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಸೂಟ್‌ಕೇಸಿನ ಚೀಟಿಗಳನ್ನು ಮನೆಯಲ್ಲೇ ಮುದ್ರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿ ಗಟ್ಟಿಯಾಗಿ ಕಟ್ಟಿ. ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತೆಯ ತರಬೇತಿ. ಅದು ಎಲ್ಲರಿಗೂ ಕಡ್ಡಾಯ. ಅಪ್ಪ ಅಮ್ಮನಿಗೆ ಅವರು ಸೇರಬೇಕಾದ ಜಾಗಕ್ಕೆ ಒಂದು ಸಲ ನಡೆದು ತೋರಿಸಿ.

ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ, ದೂರದಲ್ಲಿ ನಿಲ್ಲುತ್ತದೆ. ಟೆಂಡರ್ ಅನ್ನುವ ಸಣ್ಣ ದೋಣಿಗೆ ಇಳಿಯಬೇಕು. ಹಡಗಿನ ಬಾಗಿಲಲ್ಲಿ ನಿಂತರೆ ದೋಣಿ ಒಂದು ಅಡಿ ಮೇಲೇಳುತ್ತದೆ, ಒಂದು ಅಡಿ ಕೆಳಗಿಳಿಯುತ್ತದೆ. ಇಬ್ಬರು ಸಿಬ್ಬಂದಿ ಎರಡೂ ತೋಳು ಹಿಡಿಯುತ್ತಾರೆ. ದೋಣಿ ಸಮಕ್ಕೆ ಬಂದಾಗ "ಈಗ" ಅನ್ನುತ್ತಾರೆ, ಆಗ ಒಂದೇ ಹೆಜ್ಜೆ. ಅಮ್ಮ ಅವತ್ತು ಚೂಡಿದಾರ್ ಹಾಕಿದ್ದರು, ಚೀಲ ನನ್ನ ಬೆನ್ನಿಗೆ, ಅವರ ಎರಡೂ ಕೈ ಖಾಲಿ. ಹಾಗೇ ಇರಬೇಕು. ಮಂಡಿ ಆಗುವುದಿಲ್ಲ ಅನಿಸಿದರೆ ಅವತ್ತು ಹಡಗಿನಲ್ಲೇ ಉಳಿಯಲಿ, ಖಾಲಿ ಡೆಕ್ಕಿನಲ್ಲಿ ಅಂಥ ನೆಮ್ಮದಿ ಬೇರೆ ದಿನ ಸಿಗುವುದಿಲ್ಲ. ಬುಕ್ ಮಾಡುವಾಗಲೇ ಯಾವ ಬಂದರಿನಲ್ಲಿ ಟೆಂಡರ್ ಇದೆ ಅಂತ ನೋಡಿಕೊಳ್ಳಿ.

ಸಮಯದ ವಿಷಯದಲ್ಲಿ ಜನ ಮೋಸಹೋಗುತ್ತಾರೆ. ಹಡಗಿಗೆ ಹಡಗಿನದೇ ಗಡಿಯಾರ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮೆಕ್ಸಿಕೋದ ಕೊಜುಮೆಲ್, ಜಮೈಕಾ, ಗ್ರ್ಯಾಂಡ್ ಕೇಮನ್ ಹಾಗೆ ಮಾಡುವುದಿಲ್ಲ. ಹಡಗು ಮಯಾಮಿಯ ಸಮಯದಲ್ಲೇ ಮುಂದುವರಿದರೆ, ಕೊಜುಮೆಲ್‌ನ ಗೋಡೆ ಗಡಿಯಾರದಲ್ಲಿ ಮೂರೂವರೆ ಆಗಿರುವಾಗ ಹಡಗಿನಲ್ಲಿ ನಾಲ್ಕೂವರೆ. ದಡದ ಸಿಗ್ನಲ್ ಸಿಕ್ಕ ಫೋನು ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ. ಹತ್ತಲು ಕೊನೆಯ ಗಡುವು ನಾಲ್ಕೂವರೆ ಇದ್ದರೆ, ಇನ್ನೂ ಒಂದು ಗಂಟೆ ಇದೆ ಅಂತ ಅಂಗಡಿಯಲ್ಲಿ ನಿಂತವರು ಅಲ್ಲೇ ಉಳಿಯುತ್ತಾರೆ. ಅಪ್ಪನ ಕೈಯಲ್ಲಿ ತುಮಕೂರಿನ ಕಾರ್ಖಾನೆಯ ಹಳೆಯ ಎಚ್‌ಎಂಟಿ ಇತ್ತು, ಕೀಲಿ ಕೊಡುವಂಥದ್ದು. ಬೆಳಿಗ್ಗೆ ಹಡಗಿನ ಗಡಿಯಾರಕ್ಕೆ ಹೊಂದಿಸಿ ಇಳಿಯುತ್ತಿದ್ದರು. ಒಂದು ವಾರ ನಾವೆಲ್ಲ ಆ ಗಡಿಯಾರ ನೋಡಿಯೇ ನಡೆದೆವು. ನೀವೂ ಒಂದು ಸಾದಾ ಕೈಗಡಿಯಾರ ಕಟ್ಟಿಕೊಳ್ಳಿ.

ಕೊನೆಯ ರಾತ್ರಿ

ಕೊನೆಯ ರಾತ್ರಿ ಹತ್ತು, ಹನ್ನೊಂದರ ಹೊತ್ತಿಗೆ ದೊಡ್ಡ ಸೂಟ್‌ಕೇಸನ್ನು ಬಾಗಿಲ ಹೊರಗೆ ಇಡಬೇಕು. ಬೆಳಿಗ್ಗೆ ಅದು ಬಂದರಿನ ಹಾಲ್‌ನಲ್ಲಿ ಸಿಗುತ್ತದೆ. ಅದಕ್ಕೂ ಮೊದಲು ಎಲ್ಲರ ಬೆಳಗಿನ ಬಟ್ಟೆ, ಒಳಉಡುಪು, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ಪಾಸ್‌ಪೋರ್ಟ್, ಬೆಳಗಿನ ಮಾತ್ರೆ ಇಷ್ಟನ್ನೂ ಮಂಚದ ಮೇಲೆ ಹರಡಿ. ಒಬ್ಬೊಬ್ಬರದ್ದೂ ಇದೆ ಅಂತ ಕಣ್ಣಲ್ಲಿ ನೋಡಿದ ಮೇಲೆಯೇ ಸೂಟ್‌ಕೇಸ್ ಮುಚ್ಚಿ. ಹಲ್ಲುಸೆಟ್ಟಿನ ಡಬ್ಬಿ, ಕಿವಿಯ ಯಂತ್ರ ಇದ್ದರೆ ಅವೂ ಕೈಚೀಲಕ್ಕೆ. ಗೋಡೆಯ ಕೊಕ್ಕೆಗಳನ್ನು, ದೇವರ ಫೋಟೋವನ್ನು, ಲಾಕರಿನೊಳಗೆ ಇಟ್ಟ ಒಡವೆಯನ್ನು ತೆಗೆದುಕೊಂಡಿರಾ ಅಂತ ದೀಪ ಹಾಕಿ ಇನ್ನೊಮ್ಮೆ ನೋಡಿ. ವಾಪಸ್ ವಿಮಾನ ಮಧ್ಯಾಹ್ನ ಹನ್ನೆರಡರ ನಂತರದ್ದೇ ಇರಲಿ. ಇಳಿಯುವ ಸಾಲಿನಲ್ಲಿ ನಿಲ್ಲಲಾಗದವರಿಗೆ ಗಾಲಿಕುರ್ಚಿ ಬೇಕಾದರೆ ಹಿಂದಿನ ದಿನವೇ ಕೌಂಟರಿನಲ್ಲಿ ಹೆಸರು ಬರೆಸಿ, ಬೆಳಿಗ್ಗೆ ಕೇಳಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ.